ತಪ್ಪಿದ ದಿನವೇ ಆ್ಯಪಿಗೆ ಪರೀಕ್ಷೆ

ಆರೋಗ್ಯದ ಅಭ್ಯಾಸಗಳನ್ನು ಗುರುತು ಹಾಕಿಕೊಳ್ಳುವ ಮೊಬೈಲ್ ಆ್ಯಪ್‌ಗಳಿಗೆ ಇರುವುದು ಮೂರೇ ಕೆಲಸ: ಎಣಿಸುವುದು, ದಾಖಲಿಸುವುದು, ನೆನಪಿಸುವುದು. ನಡಿಗೆ, ನೀರು, ನಿದ್ದೆ, ಊಟ, ಗುಳಿಗೆ, ಬಿ.ಪಿ. ಯಾವುದನ್ನೇ ಹಿಡಿದರೂ ಒಳಗಿನ ಯಂತ್ರ ಇದೇ. ಆದರೂ ಮರುವಿನ್ಯಾಸ ಎಂದಕೂಡಲೇ ಕಂಪನಿಗಳು ಕೈಹಾಕುವುದು ಬಣ್ಣಕ್ಕೆ, ಐಕಾನಿಗೆ, ಮುಖಪುಟದ ತಿರುಗುವ ಚಕ್ರಗಳಿಗೆ. ಆದರೆ ಮುಖಪುಟ ಚೆಂದವಿದ್ದೂ ಆ್ಯಪ್ ಸೋಲುವುದೇಕೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಹಳ್ಳಿಯೂ ನಗರವೂ ಬೆರೆತಿರುವ ಕಲಬುರಗಿಯ ಕುಸನೂರಿನಂಥ ಕಡೆ ಇಟ್ಟು ನೋಡಿದರೆ ಅದಕ್ಕೆ ಉತ್ತರ ಬೇಗ ಸಿಗುತ್ತದೆ.

ಮೊದಲು ಎಣಿಕೆ. ದಿನಕ್ಕೆ 10,000 ಹೆಜ್ಜೆ ಎಂಬ ಗುರಿ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಅಂಗಡಿಯಲ್ಲಿ. ಟೋಕಿಯೋ ಒಲಿಂಪಿಕ್ಸ್‌ನ ಮರುವರ್ಷ, 1965ರಲ್ಲಿ, ಜಪಾನಿನ ಯಮಾಸಾ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಮಾಪಕವೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಆ ಸಂಖ್ಯೆ ಅದರ ಹೆಸರಿನಲ್ಲೇ ಇತ್ತು. ಮಾರಾಟಕ್ಕೆಂದು ಇಟ್ಟ ಹೆಸರು ಕ್ರಮೇಣ ವೈದ್ಯರ ಮಾತಿನಷ್ಟೇ ತೂಕ ಪಡೆಯಿತು. ಐ-ಮಿನ್ ಲೀ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದ್ದವರು ಅಮೆರಿಕದ ಹಿರಿಯ ಮಹಿಳೆಯರು, ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 4,400 ಹೆಜ್ಜೆ ಹಾಕುವವರಲ್ಲಿ ಸಾವಿನ ಪ್ರಮಾಣ 2,700 ಹೆಜ್ಜೆಯವರಿಗಿಂತ ಸಾಕಷ್ಟು ಕಡಿಮೆ ಇತ್ತು. ಸುಮಾರು 7,500ರ ಹೊತ್ತಿಗೆ ಲಾಭ ಏರುವುದು ನಿಂತಿತ್ತು. ವಿಶ್ವ ಆರೋಗ್ಯ ಸಂಸ್ಥೆಯಂತೂ ವಯಸ್ಕರಿಗೆ ಹೇಳುವುದು ವಾರದ ಲೆಕ್ಕವನ್ನು: ಸಾಧಾರಣ ಬಿರುಸಿನ ಚಟುವಟಿಕೆ ಕನಿಷ್ಠ 150 ನಿಮಿಷ. ದಿನದ ಗುರಿಯನ್ನು ವಾರದ ಗುರಿಯಾಗಿ ಬದಲಿಸುವುದು ಮರುವಿನ್ಯಾಸದ ಮೊದಲ ಹೆಜ್ಜೆಯಾಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಮೂರಕ್ಕೆ ‘ಎದ್ದು ನಡೆಯಿರಿ’ ಎನ್ನುವ ನೋಟಿಫಿಕೇಶನ್ ಆರೋಗ್ಯದ ಸಲಹೆಯಲ್ಲ, ಅಪಾಯದ ಕರೆ.

ಎಣಿಸುವ ಯಂತ್ರಕ್ಕೂ ಕುರುಡುಕಲೆಗಳಿವೆ. ಫೋನಿನ ಒಳಗಿರುವ ಚಲನೆಯ ಸೆನ್ಸಾರ್, ಫೋನು ಮೈಮೇಲೆ ಇದ್ದರಷ್ಟೇ ಹೆಜ್ಜೆ ಎಣಿಸೀತು. ಅಂಗಳ ಗುಡಿಸಿ, ನೀರು ತುಂಬಿ, ರೊಟ್ಟಿ ಬಡಿದು ಮುಗಿಸುವ ಹೆಣ್ಣುಮಗಳ ಫೋನು ಅಷ್ಟು ಹೊತ್ತೂ ಚಾರ್ಜಿಗೆ ಬಿದ್ದಿರುತ್ತದೆ. ಸಂಜೆ ಆ್ಯಪ್ ತೆರೆದರೆ ಆಕೆ ದಿನವಿಡೀ ಕೂತೇ ಇದ್ದಳೆಂಬ ವರದಿ. ಇಂಥ ದಿನವನ್ನು ಒಂದೇ ಒತ್ತಿನಲ್ಲಿ ‘ಇಂದು ಮನೆಗೆಲಸ ಬಹಳ’ ಎಂದು ಸರಿಪಡಿಸುವ ದಾರಿ ಆ್ಯಪಿನಲ್ಲಿ ಇರಲೇಬೇಕು.

ಎರಡನೆಯದು ದಾಖಲೆ. ಇದರಲ್ಲಿ ಕರ್ನಾಟಕಕ್ಕೆ ಸ್ವಂತ ಅನುಭವವಿದೆ. 2012ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹೆಲ್ತಿಫೈಮಿ ಹೆಸರು ಮಾಡಿದ್ದೇ ಭಾರತೀಯ ಅಡುಗೆಗಳ ಕ್ಯಾಲೊರಿ ಪಟ್ಟಿಯಿಂದ. ವಿದೇಶಿ ಆ್ಯಪ್‌ಗಳಲ್ಲಿ ಸಾಂಬಾರು ಹುಡುಕಿ ಸೋತಿದ್ದವರಿಗೆ ಅದೊಂದು ಬಿಡುಗಡೆ. ಆದರೆ ಪಟ್ಟಿ ಬೆಳೆದಂತೆ ಹುಡುಕಾಟವೂ ಬೆಳೆಯುತ್ತದೆ. ಫೋಟೋ ತೆಗೆದರೆ ಊಟ ಗುರುತಿಸುವ ಸೌಲಭ್ಯಗಳು ಬಂದಿದ್ದು ಈ ಬೇಸರವನ್ನು ಕಳೆಯಲೆಂದೇ. ಕಲಬುರಗಿ ಭಾಗದ ತಟ್ಟೆ ಕ್ಯಾಮೆರಾಕ್ಕೂ ಸುಲಭವಲ್ಲ. ಬಿಸಿ ಜೋಳದ ರೊಟ್ಟಿ ಬೇರೆ, ಖಡಕ್ ರೊಟ್ಟಿ ಬೇರೆ. ಒಂದು ಮನೆಯ ರೊಟ್ಟಿಯ ಅಗಲ ಇನ್ನೊಂದು ಮನೆಯದಲ್ಲ. ಪುಂಡಿ ಪಲ್ಯದಲ್ಲಿ ಎಣ್ಣೆ ಎಷ್ಟು, ಶೇಂಗಾ ಹಿಂಡಿ ಎಷ್ಟು ಚಮಚೆ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಅಭ್ಯಾಸದ ಆ್ಯಪಿಗೆ ಅಷ್ಟು ನಿಖರತೆ ಬೇಕೂ ಇಲ್ಲ. ‘ಎಂದಿನ ಊಟ’, ‘ಹೆಚ್ಚು’, ‘ಕಡಿಮೆ’ ಎಂಬ ಮೂರು ಬಟನ್‌ಗಳು ಬಹಳ ಜನಕ್ಕೆ ಸಾಕು.

ದಾಖಲಿಸುವಾಗ ಆಗುವ ತಪ್ಪಿಗೆ ಬಳಸುವವರನ್ನು ದೂರಬಾರದು ಎಂಬುದಕ್ಕೆ ಆಧಾರವಾಗಿ ನಿಲ್ಲುವುದು ಡೊನಾಲ್ಡ್ ನಾರ್ಮನ್ 1988ರಲ್ಲಿ ಬರೆದ, ದಿನಬಳಕೆಯ ವಸ್ತುಗಳ ವಿನ್ಯಾಸ ಕುರಿತ ಪುಸ್ತಕ. ವಿನ್ಯಾಸದ ಕಾಲೇಜುಗಳಲ್ಲಿ ಇಂದಿಗೂ ಮೊದಲು ಕೈಗೆ ಕೊಡುವ ಗ್ರಂಥಗಳಲ್ಲಿ ಅದೊಂದು. ತಳ್ಳಬೇಕೋ ಎಳೆಯಬೇಕೋ ತಿಳಿಯದ ಬಾಗಿಲ ಮುಂದೆ ಜನ ತಮ್ಮನ್ನೇ ಬೈದುಕೊಳ್ಳುತ್ತಾರೆ. ಬೈಯಬೇಕಾದ್ದು ಬಾಗಿಲನ್ನು ಎಂಬುದು ಅದರ ವಾದ. ನಾರ್ಮನ್ ತಪ್ಪುಗಳನ್ನು ಎರಡಾಗಿ ಒಡೆಯುತ್ತಾನೆ. ಉದ್ದೇಶ ಸರಿಯಿದ್ದು ಕೈ ಜಾರಿದ್ದು ಒಂದು, ಉದ್ದೇಶವೇ ಅಡ್ಡದಾರಿ ಹಿಡಿದದ್ದು ಇನ್ನೊಂದು. ಇಂದಿನ ಬದಲು ನಿನ್ನೆಯ ಚೌಕ ಒತ್ತಿದ್ದು ಮೊದಲ ಬಗೆಯದು. ಅದಕ್ಕೆ ‘ಹಿಂದಕ್ಕೆ’ ಎಂಬ ಬಟನ್ ಸಾಕು, ‘ಖಚಿತವೇ?’ ಎಂದು ಪ್ರತಿ ಸಲ ಕೇಳಬೇಕಿಲ್ಲ. ಅದೇ ಆ್ಯಪ್ ತಾನೇ ಹಾಕಿಕೊಟ್ಟ 10,000ದ ಗುರಿಯನ್ನು ನಂಬಿ, ಮೊಣಕಾಲು ನೋವಿರುವವರು ನಡೆಯುತ್ತ ಹೋದರೆ ಅದು ಎರಡನೆಯ ಬಗೆ. ಅದರ ಹೊಣೆ ಗುರಿ ಬರೆದವರದು.

ಮೂರನೆಯದು ನೆನಪೋಲೆ. ಸ್ಟ್ಯಾನ್‌ಫರ್ಡ್‌ನ ಬಿ.ಜೆ. ಫಾಗ್ 2009ರಲ್ಲಿ ಮಂಡಿಸಿದ ಮಾದರಿಯ ಪ್ರಕಾರ ಮನಸ್ಸು, ಶಕ್ತಿ, ಸೂಚನೆ ಮೂರೂ ಒಂದೇ ಗಳಿಗೆಯಲ್ಲಿ ಕೂಡಿದರಷ್ಟೇ ಕೆಲಸ ನಡೆಯುತ್ತದೆ. ಗುಳಿಗೆ ಮನೆಯಲ್ಲಿ, ನೋಟಿಫಿಕೇಶನ್ ಬಸ್ಸಿನಲ್ಲಿ ಎಂದಾದರೆ ಸೂಚನೆ ವ್ಯರ್ಥ. ಎಷ್ಟೋ ಅಗ್ಗದ ಫೋನುಗಳು ಬ್ಯಾಟರಿ ಉಳಿಸಲು ಹಿಂಬದಿಯ ಆ್ಯಪ್‌ಗಳನ್ನು ಮುಚ್ಚಿಬಿಡುವುದರಿಂದ ಸೂಚನೆ ಬಾರದೆಯೂ ಹೋಗಬಹುದು. ಗಡಿಯಾರಕ್ಕೆ ಕಟ್ಟುವ ಬದಲು ಸೂಚನೆಯನ್ನು ದಿನದ ಕೆಲಸಕ್ಕೆ ಕಟ್ಟುವುದು ಮೇಲು: ಮುಂಜಾನೆ ಚಹಾ ಆದಮೇಲೆ, ರಾತ್ರಿ ಊಟಕ್ಕೆ ಮುಂಚೆ.

ಇನ್ನು ಸರಪಳಿ ಪಂಥದ ವಿಚಾರ. ಬಿಡದೆ ಮಾಡಿದ ದಿನಗಳನ್ನು ಎಣಿಸಿ, ಬೆಂಕಿಯ ಚಿತ್ರ ತೋರಿಸಿ, ಒಂದು ದಿನ ತಪ್ಪಿದರೆ ಎಲ್ಲವನ್ನೂ ಸೊನ್ನೆಗೆ ಇಳಿಸುವ ಪಂಥ ಇದು. ‘21 ದಿನ ಮಾಡಿದರೆ ಅಭ್ಯಾಸ’ ಎಂಬ ಮಂತ್ರವೂ ಇವರ ಬಾಯಲ್ಲಿ ಸದಾ ಇರುತ್ತದೆ. ಅದರ ಮೂಲ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್‌ನ 1960ರ ಪುಸ್ತಕ. ಬದಲಾದ ಮುಖಕ್ಕೆ ಹೊಂದಿಕೊಳ್ಳಲು ರೋಗಿಗಳಿಗೆ ಕನಿಷ್ಠ ಅಷ್ಟು ದಿನ ಬೇಕಾಗುತ್ತಿತ್ತು ಎಂಬ ಅವನ ಗಮನಿಕೆಯಲ್ಲಿದ್ದ ‘ಕನಿಷ್ಠ’ ಆಮೇಲೆ ಉದುರಿಹೋಯಿತು. ಲಂಡನ್ನಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ ಬರೆದ ಪ್ರಬಂಧ ಸಂಶೋಧನಾ ಪತ್ರಿಕೆಯೊಂದರ 2010ರ ಸಂಚಿಕೆಯಲ್ಲಿದೆ. ಅಭ್ಯಾಸ ಕೂರಲು ಹಿಡಿದದ್ದು 18ರಿಂದ 254 ದಿನ, ನಡುವಿನ ಅಂಕಿ 66. ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂರುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯೇನೂ ಆಗಲಿಲ್ಲ. ಸರಪಳಿಗೆ ಹೆಸರಾದ ಭಾಷೆ ಕಲಿಸುವ ಡುವೊಲಿಂಗೊ ಕೂಡ, ಒಂದು ದಿನ ತಪ್ಪಿದರೂ ಲೆಕ್ಕ ಮುರಿಯದಂತೆ ಕಾಯುವ ಸೌಲಭ್ಯ ಇಟ್ಟುಕೊಂಡಿದೆ. ಪಂಥದ ಮಠದಿಂದಲೇ ಬಂದ ತಪ್ಪೊಪ್ಪಿಗೆ ಇದು.

ತಪ್ಪಿದ ದಿನವನ್ನು ಹೇಗೆ ನೋಡಬೇಕು ಎಂಬುದಕ್ಕೆ ಒಳ್ಳೆಯ ಪಾಠ ಇರುವುದು ಸ್ಮಾರ್ಟ್‌ಫೋನೇ ಬೇಡದ ಒಂದು ವ್ಯವಸ್ಥೆಯಲ್ಲಿ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ರೂಪುಗೊಂಡು, ಅಲ್ಲಿನದೇ ಎವರ್‌ವೆಲ್ ಸಂಸ್ಥೆ ಮುಂದುವರಿಸಿದ 99ಡಾಟ್ಸ್ ಕ್ಷಯರೋಗಿಗಳ ಗುಳಿಗೆಗೆಂದು ಮಾಡಿದ್ದು. ಗುಳಿಗೆಯ ಹಾಳೆಗೆ ರಟ್ಟಿನ ಹೊದಿಕೆ. ಗುಳಿಗೆ ತಳ್ಳಿ ತೆಗೆದಾಗ ಅದರ ಹಿಂದೆ ಬಚ್ಚಿಟ್ಟ ಸಂಖ್ಯೆ ಹೊರಬೀಳುತ್ತದೆ. ರೋಗಿ ಆ ಸಂಖ್ಯೆಗೆ ಖರ್ಚಿಲ್ಲದ ಕರೆ ಮಾಡಿದರೆ ದಿನದ ಗುಳಿಗೆ ದಾಖಲಾಯಿತು. ಮುಂದೆ ಯಾವ ಸಂಖ್ಯೆ ಬರುತ್ತದೆಂದು ಮೊದಲೇ ಊಹಿಸುವಂತಿಲ್ಲ. ಸಾದಾ ಫೋನು ಸಾಕು, ಓದು ಬರಹ ಹೆಚ್ಚು ಬೇಕಿಲ್ಲ, ಟೈಪಿಂಗ್ ಇಲ್ಲ.

ಇದರ ಜೀವ ಇರುವುದು ಕರೆ ಬಾರದ ದಿನದಲ್ಲಿ. ಆಗ ಅಂಕ ಕಳೆಯುವುದಿಲ್ಲ, ಚಿತ್ರ ಆರುವುದಿಲ್ಲ. ಆರೋಗ್ಯ ಕಾರ್ಯಕರ್ತರ ಪಟ್ಟಿಯಲ್ಲಿ ಆ ರೋಗಿಯ ಹೆಸರು ಮೇಲೇರುತ್ತದೆ, ಯಾರಾದರೂ ವಿಚಾರಿಸುತ್ತಾರೆ. ತಪ್ಪಿದ ದಿನ ನೆರವಿನ ಸೂಚನೆಯಾಗುತ್ತದೆ. ಇದರ ಮಿತಿಯನ್ನೂ ಹೇಳಬೇಕು: ಗುಳಿಗೆ ನುಂಗಿಯೂ ಕರೆ ಮಾಡದವರು ಇದ್ದರು ಎಂದು ಅಧ್ಯಯನಗಳು ತೋರಿಸಿವೆ. ಹಾಗಾಗಿ ‘ಮಾಡಿದೆ’, ‘ಮಾಡಲಿಲ್ಲ’, ‘ದಾಖಲಾಗಿಲ್ಲ’ ಎಂಬ ಮೂರು ಸ್ಥಿತಿಗಳನ್ನು ಪ್ರತಿ ಆ್ಯಪೂ ಬೇರೆಬೇರೆಯಾಗಿ ತೋರಿಸಬೇಕು. ಬಹುತೇಕ ಆ್ಯಪ್‌ಗಳು ಕೊನೆಯ ಎರಡನ್ನೂ ಒಂದೇ ಬೂದು ಚೌಕದಲ್ಲಿ ತುಂಬುತ್ತವೆ. ಅಡುಗೆಮನೆಯ ಕ್ಯಾಲೆಂಡರ್ ಇದಕ್ಕಿಂತ ಜಾಣ: ಹಾಲು ಬಾರದ ದಿನಕ್ಕಷ್ಟೇ ಗುರುತು ಹಾಕಿ ತಿಂಗಳ ಲೆಕ್ಕ ಮುಗಿಸುತ್ತದೆ. ಆಗಲೇ ರೂಢಿಯಾಗಿರುವ ಅಭ್ಯಾಸಕ್ಕೆ ಆ್ಯಪ್ ಕೇಳಬೇಕಾದ್ದೂ ಅಷ್ಟೇ.

ಪರದೆಯ ಮೇಲಿನ ಕನ್ನಡದ ಬಗ್ಗೆ ಎರಡು ಮಾತು ಸಾಕು. ಇಂಗ್ಲಿಷಿಗೆ ಅಳೆದ ಸಾಲಿನ ಎತ್ತರದಲ್ಲಿ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಬಟನ್ ಅಗಲವಿಲ್ಲದಿದ್ದರೆ ಪದದ ಬಾಲ ಚುಕ್ಕಿಗಳಾಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಮ್ಮತಿಯ ಕೋರಿಕೆಯನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಭಾಷೆಗಳಲ್ಲೂ ಓದುವ ಆಯ್ಕೆ ಇರಬೇಕೆನ್ನುತ್ತದೆ. ಕನ್ನಡ ಆ ಪಟ್ಟಿಯಲ್ಲಿದೆ. ದತ್ತಾಂಶದ ಸಂರಕ್ಷಣೆ ಎಂದಮೇಲೆ, ಒಂದೇ ಫೋನು ಮನೆಮಂದಿಯ ಕೈಯೆಲ್ಲ ಸುತ್ತುವ ಕಡೆ ಬಿ.ಪಿ., ಮುಟ್ಟು, ಮಾತ್ರೆಗಳ ದಾಖಲೆಗೆ ಪ್ರತ್ಯೇಕ ಬೀಗವೂ ಬೇಕು.

ಕೊನೆಯದು ಪರೀಕ್ಷೆ. ಐದು ಜನರ ಕೈಗೆ ಕೊಟ್ಟರೆ ಹೆಚ್ಚಿನ ದೋಷಗಳು ಬಯಲಾಗುತ್ತವೆ ಎಂದು ಜೇಕಬ್ ನೀಲ್ಸನ್ 2000ದಲ್ಲಿ ಬರೆದದ್ದು ಪ್ರಸಿದ್ಧ. ಆದರೆ ಆ ಐವರನ್ನು ಮೊದಲ ದಿನ ಕೂರಿಸಿ ನೋಡಿದರೆ ಕಾಣುವುದು ಮುಖಪುಟದ ದೋಷ ಮಾತ್ರ. ಅಭ್ಯಾಸದ ಆ್ಯಪಿನ ದೋಷ ಕಾಣುವುದು ಹಬ್ಬ, ಜಾತ್ರೆ, ಜ್ವರ, ಮದುವೆಗಳ ನಡುವೆ ಹತ್ತು ದಿನ ಬಿಟ್ಟು ಮರಳಿ ತೆರೆದಾಗ. ಆಗ ಪರದೆ ಹಳೆಯ ಲೆಕ್ಕ ಅಳಿಸದೆ, ಬಿಟ್ಟ ದಿನಗಳ ಜವಾಬು ಕೇಳದೆ, ಇಂದಿನ ಒಂದು ಸಣ್ಣ ಕೆಲಸವನ್ನಷ್ಟೇ ಮುಂದಿಟ್ಟರೆ ಮರುವಿನ್ಯಾಸ ಗೆದ್ದಂತೆ. ಕಂಪನಿಯ ಬಳಿ ಒಂದೇ ಒಂದು ಪರದೆ ತಿದ್ದುವಷ್ಟು ಹಣವಿದ್ದರೆ ಅದನ್ನು ಮುಖಪುಟಕ್ಕೆ ಸುರಿಯದೆ, ಬಿಟ್ಟುಹೋಗಿ ಮರಳಿ ಬಂದವರು ಮೊದಲು ಕಾಣುವ ಪರದೆಗೆ ಖರ್ಚು ಮಾಡಲಿ.