ಕೆಲಸ ಕೊಡಿಸದ ಪುಸ್ತಕದ ಪರವಾಗಿ

ಬಿ.ಎ., ಬಿ.ಕಾಂ. ಓದಿ ಸಾಫ್ಟ್‌ವೇರ್ ಕಡೆ ಹೊರಳಬೇಕೆನ್ನುವವರಿಗೆಲ್ಲ ಕಣ್ಣುಮುಚ್ಚಿ ಹೇಳುವ ಪುಸ್ತಕವೊಂದಿದೆ: ಅಲ್ ಸ್ವೈಗಾರ್ಟ್ ಬರೆದ, 2015ರಲ್ಲಿ ಬಂದ ‘ಆಟೊಮೇಟ್ ದ ಬೋರಿಂಗ್ ಸ್ಟಫ್ ವಿತ್ ಪೈಥಾನ್’. ಇದನ್ನು ಮುಗಿಸಿದರೆ ಐಟಿ ಕೆಲಸ ಸಿಕ್ಕಂತೆಯೇ ಎನ್ನುವುದು ಹೊಗಳಿಕೆಯ ಸಾರ. ಹೀಗೆ ಹೊಗಳುವವರು ಮುನ್ನುಡಿಯನ್ನೂ ಓದಿಲ್ಲ. ದೊಡ್ಡ ಸಂಬಳದ ಇಂಜಿನಿಯರ್ ಆಗಬಯಸುವವರಿಗೆ ಬೇರೆ ಪುಸ್ತಕಗಳಿವೆ, ಇದು ಉಳಿದವರಿಗೆ ಎಂದು ಲೇಖಕರು ಅಲ್ಲೇ ಹೇಳಿಬಿಟ್ಟಿದ್ದಾರೆ. ಮುನ್ನುಡಿಯ ಕತೆಯೂ ಅದನ್ನೇ ಹೇಳುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ ಮೂವರು ಎರಡು ದಿನ ಕೂತು ಎದುರಾಳಿ ಅಂಗಡಿಗಳ ಬೆಲೆ ತಾಳೆ ನೋಡುತ್ತಿದ್ದರು. ಅದೇ ಅಂಗಡಿಯಲ್ಲಿದ್ದ ಸ್ವೈಗಾರ್ಟರ ರೂಮ್‌ಮೇಟ್, ಪ್ರೋಗ್ರಾಮಿಂಗಿಗೆ ಇನ್ನೂ ಹೊಸಬ, ಯಾವುದೋ ಪ್ರೋಗ್ರಾಮಿಂಗ್ ಪುಸ್ತಕ ತಿರುವುತ್ತ ಒಂದೆರಡು ಗಂಟೆಯಲ್ಲಿ ಆ ಕೆಲಸಕ್ಕೊಂದು ಪ್ರೋಗ್ರಾಂ ಬರೆದ. ಆಮೇಲೆ? ಯಾರಾದರೂ ಕೆಲಸ ಬದಲಿಸಿದರೆಂದು ಕತೆ ಹೇಳುವುದಿಲ್ಲ. ಅವತ್ತು ಮಧ್ಯಾಹ್ನದ ಊಟಕ್ಕೆ ಹೋದವರು ತಡವಾಗಿ ಬಂದರು, ಅಷ್ಟೇ.

ಪುಸ್ತಕದ ನಿಜವಾದ ಹೆಚ್ಚುಗಾರಿಕೆಯನ್ನು ಹೊಗಳುವವರು ಮುಟ್ಟುವುದೇ ಇಲ್ಲ. ಮೊದಲ ಎರಡು ಆವೃತ್ತಿಗಳ ಏಳನೆಯ ಅಧ್ಯಾಯ ತೆಗೆಯಿರಿ. ಪಠ್ಯವೊಂದರಲ್ಲಿ ಅಮೆರಿಕದ ಫೋನ್ ನಂಬರ್ ಹುಡುಕಬೇಕು. ಇದಕ್ಕಿರುವ ಸಾಧನ, ಹುಡುಕಬೇಕಾದ್ದರ ಮಾದರಿಯನ್ನು ಬರೆದುಕೊಡುವ ರೆಗ್ಯುಲರ್ ಎಕ್ಸ್‌ಪ್ರೆಶನ್. ಬೇರೆ ಯಾರಾದರೂ ಅಲ್ಲಿಂದಲೇ ಶುರುಮಾಡುತ್ತಿದ್ದರು. ಸ್ವೈಗಾರ್ಟ್ ಅದನ್ನು ಬಚ್ಚಿಟ್ಟು ಉದ್ದದ ದಾರಿ ಹಿಡಿಸುತ್ತಾರೆ. ಒಟ್ಟು ಹನ್ನೆರಡು ಚಿಹ್ನೆಗಳಿವೆಯೇ? ಮೊದಲ ಮೂರು ಅಂಕಿಯೇ? ನಾಲ್ಕನೆಯದು ಅಡ್ಡಗೆರೆಯೇ? ಹೀಗೆ ಕೊನೆಯ ಅಂಕಿಯವರೆಗೆ. ಇಷ್ಟಾದರೂ ನಂಬರ್ ಒಂದು ವಾಕ್ಯದ ನಡುವೆ ಇದ್ದರೆ ಒಂದೊಂದೇ ಚಿಹ್ನೆ ಮುಂದೆ ಸರಿದು ಹನ್ನೆರಡರ ತುಂಡನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು. ಓದುಗನಿಗೆ ಸಾಕುಬೇಕಾದ ಮೇಲೆ ಅದೇ ಕೆಲಸ ಮಾಡುವ ಒಂದೇ ಸಾಲಿನ ಮಾದರಿ ಬರುತ್ತದೆ. ಲೇಖಕರು ಬೇಸರವನ್ನು ಬಾಯಲ್ಲಿ ಹೇಳುವುದಿಲ್ಲ, ನಮ್ಮ ಕೈಯಿಂದಲೇ ಬರೆಸುತ್ತಾರೆ. ಮಾರ್ಚ್ ತಿಂಗಳಲ್ಲಿ ಲೆಡ್ಜರ್ ತಾಳೆ ಹಾಕಿದವರಿಗೆ ಆ ಒಂದು ಸಾಲಿನ ಬೆಲೆ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಿಂತ ಬೇಗ ತಿಳಿಯುತ್ತದೆ.

ಕಂಪ್ಯೂಟರ್ ಸೈನ್ಸ್ ಮೇಷ್ಟ್ರುಗಳ ತಕರಾರು ಗೊತ್ತಿರುವುದೇ: ಇದರಲ್ಲಿ ಡಿಎಸ್‌ಎ (ಡೇಟಾ ಸ್ಟ್ರಕ್ಚರ್ ಮತ್ತು ಆಲ್ಗಾರಿದಮ್) ಇಲ್ಲ, ಲಿಂಕ್ಡ್ ಲಿಸ್ಟ್ ಇಲ್ಲ, ಅಡಿಪಾಯವೇ ಇಲ್ಲ. ನಿಜ, ಇಲ್ಲ. ಆದರೆ ಈ ಮೇಷ್ಟ್ರುಗಳು ಅಡಿಪಾಯವೆಂದು ಕಲಿಸುವುದರಲ್ಲಿ ಎಷ್ಟು ಪಾಲು ಸಂದರ್ಶನದ ಪ್ರಶ್ನೋತ್ತರ? ಲಿಂಕ್ಡ್ ಲಿಸ್ಟ್ ತಿರುಗಿಸುವುದನ್ನು ಬಾಯಿಪಾಠ ಮಾಡಿ ಕೆಲಸಕ್ಕೆ ಸೇರಿದವರಲ್ಲಿ ಎಷ್ಟೋ ಮಂದಿ ಆಮೇಲೆ ಅದರ ಮುಖ ನೋಡಿಲ್ಲ. ಕಂಪನಿಯ ಬಾಗಿಲಲ್ಲಿ ಈ ಪುಸ್ತಕ ನಡೆಯುವುದಿಲ್ಲ ಎಂಬ ಮಾತು ಒಪ್ಪಬಹುದು. ಬಾಗಿಲಲ್ಲಿ ನಡೆಯದ್ದು ವಿದ್ಯೆಯೇ ಅಲ್ಲ ಎಂಬ ಧಾಟಿ ಮಾತ್ರ ಶುದ್ಧ ಜಾತಿಮದ. ಹೋಗಲಿ, ಅತ್ತ ‘ಆರು ತಿಂಗಳಲ್ಲಿ ಡೆವಲಪರ್’ ಎಂದು ಫಲಕ ಹಾಕಿದವರು ಇದೇ ಪುಸ್ತಕದ ಉದಾಹರಣೆಗಳನ್ನು ಪಾಠ ಮಾಡಿ ಫೀಸು ಎಣಿಸುತ್ತಾರೆ. ಲೇಖಕರು ಅದನ್ನು ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಇಟ್ಟಿದ್ದಾರೆಂದು ಯಾರೂ ಬಾಯಿಬಿಡುವುದಿಲ್ಲ.

ದೋಷವಿಲ್ಲವೆಂದಲ್ಲ. ಅದೇ ಏಳನೆಯ ಅಧ್ಯಾಯದಲ್ಲಿ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ’ ಎಂಬ ಚಿಹ್ನೆಯನ್ನು, ಪದದೊಳಗೆ ಬರುವ ಅಕ್ಷರಗಳನ್ನು ಹಿಡಿಯುವುದೆಂದು ಭಾವಿಸಿಕೊಳ್ಳಿ ಎನ್ನುತ್ತಾರೆ. ಇಂಗ್ಲಿಷಿಗೆ ಸರಿ. ಪೈಥಾನಿಗೆ ‘ಕನ್ನಡ’ ಎಂದು ಕೊಟ್ಟು ಪದ ಹುಡುಕಿಸಿ ನೋಡಿ: ‘ಕನ’ ಒಂದು ಕಡೆ, ‘ನಡ’ ಇನ್ನೊಂದು ಕಡೆ. ನಡುವಿನ ಅರ್ಧಾಕ್ಷರದ ಗುರುತು ಅದರ ಲೆಕ್ಕದಲ್ಲಿ ಅಕ್ಷರವಲ್ಲ. ತಮಾಷೆಯೆಂದರೆ, ಅಂಕಿ ಹಿಡಿಯುವ ‘ಬ್ಯಾಕ್‌ಸ್ಲ್ಯಾಶ್ ಡಿ’ ನಮ್ಮ ೯ನ್ನೂ ಅಂಕಿಯೆಂದೇ ಸಲೀಸಾಗಿ ಒಪ್ಪುತ್ತದೆ. ವಚನಗಳ ಪದ ಎಣಿಸಲು ಹೊರಟ ಕನ್ನಡ ಎಂ.ಎ. ವಿದ್ಯಾರ್ಥಿ ಸಿಕ್ಕಿಬೀಳುವುದು ಇಲ್ಲಿ, ಮತ್ತು ಪುಸ್ತಕ ಅವನಿಗೆ ಏನೂ ಹೇಳುವುದಿಲ್ಲ. ಆದರೆ ಬಿಡಿಸಿಕೊಳ್ಳುವ ಉಪಾಯ ಅಲ್ಲೇ ಮುಂದಿನ ಭಾಗದಲ್ಲಿದೆ: ಚೌಕ ಬ್ರಾಕೆಟ್ಟಿನಲ್ಲಿ ಎ-ಯಿಂದ-ಜೆಡ್ ಎಂದು ಕೊಡುವಲ್ಲಿ ಕನ್ನಡದ ಯೂನಿಕೋಡ್ ವ್ಯಾಪ್ತಿ ಕೊಟ್ಟರೆ ಪದ ಇಡಿಯಾಗಿ ಸಿಗುತ್ತದೆ. ಇದನ್ನು ಯಾವ ತರಬೇತಿ ಕೇಂದ್ರವೂ ಹೇಳಿಕೊಡಲಿಕ್ಕಿಲ್ಲ. ಸಂದರ್ಶನದಲ್ಲಿ ಇದನ್ನು ಕೇಳುವವರಿಲ್ಲ.