ಹಿತ್ತಿಲಿಗೆ ಮರಳಿದ ಕುನೆಕುನೆ

ನ್ಯೂಜಿಲೆಂಡಿನ ಗ್ರಾಮಾಂತರದಲ್ಲಿ ಕೆಲವೇ ಎಕರೆ ಜಮೀನಿನ ನಡುವೆ ಮನೆ ಕಟ್ಟಿಕೊಂಡು, ಪಟ್ಟಣದ ಸಂಬಳವನ್ನೂ ಹಳ್ಳಿಯ ಬದುಕನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಹವಣಿಸುವ ಕುಟುಂಬಗಳು ಬಹಳಷ್ಟಿವೆ. ಅಲ್ಲಿಯವರು ‘ಲೈಫ್‌ಸ್ಟೈಲ್ ಬ್ಲಾಕ್’ ಎಂದು ಕರೆಯುವ, ಕನ್ನಡದಲ್ಲಿ ದೊಡ್ಡ ಹಿತ್ತಿಲು ಎನ್ನಬಹುದಾದ ಇಂಥ ಜಮೀನುಗಳಲ್ಲಿ ಕೋಳಿ, ಕುರಿಗಳ ಜೊತೆಗೆ ಈಗ ನೆಲೆ ಕಂಡುಕೊಂಡಿರುವ ಪ್ರಾಣಿ ಕುನೆಕುನೆ ಎಂಬ ಗಿಡ್ಡ ತಳಿಯ ಹಂದಿ. ಗಾತ್ರ ಚಿಕ್ಕದು, ಸ್ವಭಾವ ಸಾಧು, ಹುಲ್ಲು ಮೇಯ್ದು ಬದುಕುತ್ತದೆ, ನೆಲ ಕೆದಕುವುದಿಲ್ಲ ಎಂಬ ನಾಲ್ಕು ಮಾತುಗಳಲ್ಲಿ ಇದರ ಪರವಾದ ವಾದವೆಲ್ಲ ಅಡಗಿದೆ. ನಾಲ್ಕರಲ್ಲೂ ಹುರುಳಿದೆ, ನಾಲ್ಕರಲ್ಲೂ ಒಂದಿಷ್ಟು ಉತ್ಪ್ರೇಕ್ಷೆಯೂ ಇದೆ. ಆದರೆ ಈ ಸಾಕಣೆಯನ್ನು ತೂಗಿ ನೋಡುವವರು ಎತ್ತಬೇಕಾದ ಮುಖ್ಯ ಪ್ರಶ್ನೆ ಬೇರೆಯೇ ಆಗಿದೆ. ಈ ಹಂದಿಯ ಒಂದೊಂದು ಗುಣವೂ ಒಂದು ನಿರ್ದಿಷ್ಟ ಬಗೆಯ ಅಡುಗೆಮನೆಯ ಆಸರೆಯಲ್ಲಿ ರೂಪುಗೊಂಡಿತ್ತು, ಆ ಅಡುಗೆಮನೆ ಇಲ್ಲವಾದಾಗ ಹಂದಿಯೂ ಇಲ್ಲವಾಗುವ ಹಂತ ತಲುಪಿತ್ತು, ಈಗ ಹಂದಿಯೊಂದೇ ಮರಳಿ ಬಂದಿದೆ.

ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳ ಭಾಷೆಯಲ್ಲಿ ‘ಕುನೆ’ ಎಂದರೆ ದುಂಡಗೆ ಮೈತುಂಬಿಕೊಂಡದ್ದು. ಕನ್ನಡದ ‘ದುಂಡುದುಂಡಗೆ’ ಎಂಬಂತೆಯೇ ಅದನ್ನು ಎರಡು ಸಲ ಹೇಳಿ ಹಂದಿಗೆ ಹೆಸರಿಟ್ಟಿದ್ದಾರೆ. ಆದರೆ ಹಂದಿ ನ್ಯೂಜಿಲೆಂಡಿನ ದ್ವೀಪಗಳ ಮೂಲ ಪ್ರಾಣಿಯಲ್ಲ. ಪೆಸಿಫಿಕ್ ಸಾಗರದ ಇತರ ಅನೇಕ ದ್ವೀಪಗಳಿಗೆ ಪಾಲಿನೇಷಿಯನ್ನರು ಹಂದಿಯನ್ನು ದೋಣಿಯಲ್ಲಿ ಒಯ್ದಿದ್ದರೂ ಯುರೋಪಿಯನ್ನರು ಕಾಲಿಟ್ಟಾಗ ನ್ಯೂಜಿಲೆಂಡಿನಲ್ಲಿ ಹಂದಿ ಇರಲಿಲ್ಲ. 1769ರಲ್ಲಿ ಫ್ರೆಂಚ್ ನಾವಿಕ ಸುರ್ವಿಲ್ ಮತ್ತು 1773ರಲ್ಲಿ ಜೇಮ್ಸ್ ಕುಕ್ ತಂದುಕೊಟ್ಟ ಹಂದಿಗಳಿಂದ ಅಲ್ಲಿನ ಹಂದಿಯ ಇತಿಹಾಸ ಆರಂಭವಾಗುತ್ತದೆ. ಕಾಡು ಸೇರಿ ನೀಳಮೂತಿಯ, ಒರಟು ಕೂದಲಿನ ಜಾತಿಯಾಗಿ ಬೆಳೆದ ಹಂದಿಗಳನ್ನು ಜನ ಇಂದಿಗೂ ‘ಕ್ಯಾಪ್ಟನ್ ಕುಕರ್’ ಎಂದೇ ಕರೆಯುತ್ತಾರೆ. ಕುನೆಕುನೆಯ ಚಹರೆ ಮಾತ್ರ ಇದಕ್ಕೆ ತದ್ವಿರುದ್ಧ: ಮೊಂಡಾಗಿ ಮೇಲಕ್ಕೆ ಬಾಗಿದ ಮೂತಿ, ಗಿಡ್ಡ ಕಾಲು, ಪೀಪಾಯಿಯಂಥ ಮೈ, ಗಲ್ಲದ ಕೆಳಗೆ ಜೋತುಬಿದ್ದ ಎರಡು ಮಾಂಸದ ಗೊಂಡೆಗಳು. ಕೆಲವು ಆಡುಗಳ ಕೊರಳಲ್ಲಿ ಕಾಣುವ ಜೋಲುಗಳನ್ನು ನೆನಪಿಸುವ ಈ ಗೊಂಡೆಗಳಿಗೆ ‘ಪಿರಿಪಿರಿ’ ಎಂದು ಹೆಸರು. ತಾಯಿಯಿಂದ ಮಾತ್ರ ಮರಿಗೆ ದಾಟುವ ವಂಶವಾಹಿಗಳ ಅಧ್ಯಯನವು ಈ ತಳಿಯ ಬೇರು ಏಷ್ಯಾದ ಸಾಕು ಹಂದಿಗಳಲ್ಲಿದೆ ಎಂದು ತೋರಿಸಿದೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ತಿಮಿಂಗಿಲ ಬೇಟೆಯ ಹಡಗಿನವರೂ ವ್ಯಾಪಾರಿಗಳೂ ಇದನ್ನು ತಂದಿರಬೇಕೆಂಬುದು ರೂಢಿಯಲ್ಲಿರುವ ಅಭಿಪ್ರಾಯ.

ಮಾವೊರಿ ಊರುಗಳಲ್ಲಿ ಈ ಹಂದಿಗೆ ಬೇಲಿಯಿರಲಿಲ್ಲ. ಮನೆಗಳ ಸುತ್ತ ಅಡ್ಡಾಡುತ್ತ, ಹುಲ್ಲು ಮೇಯುತ್ತ, ಆಲೂಗಡ್ಡೆಯ ಸಿಪ್ಪೆ, ಉಳಿದ ಅಡುಗೆ, ಮುಸುರೆ ಇವುಗಳ ಆಸೆಗೆ ಸಂಜೆ ಮತ್ತೆ ಅಂಗಳಕ್ಕೆ ಬರುತ್ತಿದ್ದ ಪ್ರಾಣಿ ಅದು. ಮಕ್ಕಳನ್ನು ಕಚ್ಚುವ ಹಂದಿ, ತೋಟವನ್ನು ಉತ್ತು ಹಾಕುವ ಹಂದಿ, ಕರೆದರೆ ಬಾರದ ಹಂದಿ ಎಲ್ಲಕ್ಕಿಂತ ಮೊದಲು ಒಲೆಗೆ ಹೋಗಿರಬೇಕು, ಉಳಿದವು ಮರಿ ಹಾಕಿರಬೇಕು ಎಂದು ಊಹಿಸಲು ಹೆಚ್ಚಿನ ಪಾಂಡಿತ್ಯ ಬೇಕಿಲ್ಲ. ಇಂದು ತಳಿಯ ಹುಟ್ಟುಗುಣವೆಂದು ಹೊಗಳಿಸಿಕೊಳ್ಳುವ ಸಾಧುತನ ಇಂಥ ಆಯ್ಕೆಯ ಫಲವೇ ಇರಬಹುದು. ಅದಕ್ಕಿಂತಲೂ ಮುಖ್ಯವಾದದ್ದು ನೆಣ. ಹಕ್ಕಿಯ ಮಾಂಸವನ್ನು ಬೇಯಿಸಿ, ಅದರದೇ ಕೊಬ್ಬಿನಲ್ಲಿ ಮುಳುಗಿಸಿ, ಸೋರೆಬುರುಡೆಗಳಲ್ಲಿ ತುಂಬಿ ತಿಂಗಳುಗಟ್ಟಲೆ ಕಾಪಿಡುವ ‘ಹುವಾಹುವಾ’ ಎಂಬ ವಿಧಾನ ಹಂದಿ ಬರುವ ಮೊದಲೇ ಮಾವೊರಿಗಳಲ್ಲಿ ಬೇರೂರಿತ್ತು. ಗಾಳಿ ಸೋಕದಂತೆ ಮಾಂಸವನ್ನು ಮುಚ್ಚಿಡುವ ಕೊಬ್ಬು ಅವರಿಗೆ ಬರಿಯ ರುಚಿಯ ಪದಾರ್ಥವಾಗಿರಲಿಲ್ಲ, ಅದೇ ಅವರ ಉಗ್ರಾಣವಾಗಿತ್ತು. ಅಂಥ ಅಡುಗೆಮನೆಗೆ ಮೈತುಂಬ ನೆಣ ಹೊತ್ತ, ಹುಲ್ಲಿನಿಂದಲೂ ಮುಸುರೆಯಿಂದಲೂ ಆ ನೆಣವನ್ನು ಕೂಡಿಸಿಕೊಳ್ಳಬಲ್ಲ ಪ್ರಾಣಿ ಸಿಕ್ಕಾಗ ಅದು ಅಲ್ಲಿ ನೆಲೆ ನಿಂತದ್ದು ಸಹಜವೇ ಆಗಿತ್ತು.

ಇಪ್ಪತ್ತನೆಯ ಶತಮಾನದ ನಡುವಿನ ದಶಕಗಳು ಈ ನಂಟನ್ನು ಒಂದೊಂದೇ ಎಳೆಯಾಗಿ ಬಿಡಿಸಿದವು. ಎರಡನೆಯ ಮಹಾಯುದ್ಧದ ನಂತರ ಮಾವೊರಿ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಪಟ್ಟಣಗಳಿಗೆ ಹೋದವು, ಮನೆಮನೆಗೂ ಫ್ರಿಜ್ ಬಂತು, ಸಸ್ಯಜನ್ಯ ಎಣ್ಣೆ ಅಗ್ಗವಾಯಿತು, ಮಾರುಕಟ್ಟೆ ಕೊಬ್ಬು ಕಡಿಮೆಯಿರುವ ಮಾಂಸವನ್ನು ಬಯಸಿತು. ಐದಾರು ತಿಂಗಳಲ್ಲಿ ನೂರು ಕಿಲೋ ದಾಟುವ ಲಾರ್ಜ್ ವೈಟ್, ಲ್ಯಾಂಡ್‌ರೇಸ್ ಮಿಶ್ರತಳಿಗಳ ಮುಂದೆ ನಿಧಾನವಾಗಿ ಬೆಳೆಯುವ ನೆಣದ ಹಂದಿಗೆ ಗಿರಾಕಿಯೇ ಇಲ್ಲದಾಯಿತು. 1970ರ ದಶಕದ ಕೊನೆಯ ವೇಳೆಗೆ ಶುದ್ಧ ತಳಿಯ ಕುನೆಕುನೆಗಳು ಐವತ್ತರ ಆಸುಪಾಸಿಗೆ ಇಳಿದಿದ್ದವು ಎನ್ನಲಾಗುತ್ತದೆ. ವನ್ಯಜೀವಿ ಉದ್ಯಾನಗಳನ್ನು ನಡೆಸುತ್ತಿದ್ದ ಮೈಕೆಲ್ ವಿಲ್ಲಿಸ್ ಮತ್ತು ಜಾನ್ ಸಿಮಿಸ್ಟರ್ ಎಂಬ ಇಬ್ಬರು ಆಗ ಊರೂರು ಅಲೆದು, ಉಳಿದವುಗಳಲ್ಲಿ ಕೆಲವನ್ನು ಕಲೆಹಾಕಿ ಮರಿ ಮಾಡಿಸತೊಡಗಿದರು. ಇಂದಿನ ಸಂತತಿಯ ಬುಡದಲ್ಲಿರುವುದು ಹದಿನೆಂಟೇ ಹಂದಿಗಳೆಂದು ತಳಿಯ ಚರಿತ್ರೆ ಹೇಳುತ್ತದೆ. 1992ರಲ್ಲಿ ಬ್ರಿಟನ್ನಿಗೂ ಅದೇ ದಶಕದಲ್ಲಿ ಅಮೆರಿಕಕ್ಕೂ ಕುನೆಕುನೆ ಹೋಯಿತು. 1993ರಲ್ಲಿ ಬ್ರಿಟನ್ನಿನಲ್ಲಿ ಅದರದೇ ಸಂಘವೂ ಹುಟ್ಟಿತು.

ಈ ಪುನರುಜ್ಜೀವನದ ಅತ್ಯಂತ ಮೆಚ್ಚತಕ್ಕ ಭಾಗವೆಂದರೆ ಅದರ ವಂಶಾವಳಿಯ ಶಿಸ್ತು. ಗಂಡುಮರಿ ತಂದೆಯ ವಂಶದ ಹೆಸರನ್ನೂ ಹೆಣ್ಣುಮರಿ ತಾಯಿಯ ವಂಶದ ಹೆಸರನ್ನೂ ಹೊರುವುದರಿಂದ, ಗಂಡುಗಳಲ್ಲಿ ಟೆ ಕುಯಿಟಿ, ಟುಟಾಕಿ, ಮಾಹಿಯಾ ಲವ್, ಹೆಣ್ಣುಗಳಲ್ಲಿ ರೆಬೆಕಾ ಜಿನಾ, ಹೌನೆನೆ, ಮೊಮೊನಾ ಮುಂತಾದ ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಹಾಗೆಯೇ ಇಳಿದು ಬರುತ್ತವೆ. ಟೆ ಕುಯಿಟಿಯೂ ಮಾಹಿಯಾವೂ ಉತ್ತರ ದ್ವೀಪದ ಸ್ಥಳಗಳು. ಮೊಮೊನಾ ಎಂದರೆ ಮಾವೊರಿಯಲ್ಲಿ ಕೊಬ್ಬಿದ್ದು, ಸಮೃದ್ಧವಾದದ್ದು. ಇಷ್ಟು ಕಿರಿದಾದ ಬುನಾದಿಯ ಮೇಲೆ ನಿಂತ ತಳಿಯಲ್ಲಿ ರಕ್ತಸಂಬಂಧಿಗಳ ಕೂಡುವಿಕೆಯನ್ನು ತಪ್ಪಿಸಲು ಈ ಲೆಕ್ಕ ಬೇಕೇ ಬೇಕು. ಆದರೆ ಇದೇ ಲೆಕ್ಕವು ಸಾಕಣೆಯ ಗುರಿಯನ್ನು ನಿಧಾನವಾಗಿ ಬದಲಿಸಿಯೂ ಇದೆ: ಮಾಂಸಕ್ಕಾಗಿ ಹಂದಿ ಸಾಕುವವರು ಹಿಂದೆ ಹೊಟ್ಟೆ, ಬೆನ್ನು, ತೊಡೆಗಳನ್ನು ತಡವಿ ನೋಡುತ್ತಿದ್ದರೆ, ಈಗ ಮರಿ ಕೊಳ್ಳಲು ಬಂದವರು ಮೈಬಣ್ಣ, ಎರಡೂ ಪಿರಿಪಿರಿ, ವಂಶದ ಕಾಗದ ಇವುಗಳನ್ನು ನೋಡುತ್ತಾರೆ. ಮರಿ ಮಾರುವುದೇ ಸಾಕಣೆಯ ಮುಖ್ಯ ಆದಾಯವಾದಾಗ, ಕಡಿಯಲೇಬೇಕಾದ ಸೊಟ್ಟಗಾಲಿನ ಮರಿಯೂ ಯಾರದೋ ಹಿತ್ತಿಲಿನಲ್ಲಿ ಬೀಜದ ಹಂದಿಯಾಗಿ ಬೆಳೆಯುವ ಅಪಾಯ ಇದ್ದೇ ಇರುತ್ತದೆ.

ಹುಲ್ಲಿನ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹಂದಿಗೆ ದನದಂತೆ ಮೆಲುಕು ಹಾಕುವ ನಾಲ್ಕು ಕೋಣೆಗಳ ಹೊಟ್ಟೆಯಿಲ್ಲ. ನಾರಿನ ಅಂಶ ಅದರ ದೊಡ್ಡ ಕರುಳಿನಲ್ಲಿ ತಕ್ಕಮಟ್ಟಿಗೆ ಹುದುಗುತ್ತದೆ, ಅಷ್ಟೇ. ಕುನೆಕುನೆ ಬೇರೆ ತಳಿಗಳಿಗಿಂತ ಹುಲ್ಲನ್ನು ಹೆಚ್ಚು ಆಸೆಯಿಂದ ಮೇಯುತ್ತದೆ, ಮೇಯುತ್ತ ಮುಂಗಾಲಿನ ಮಂಡಿಯೂರಿ ಕುರಿಯಂತೆ ನೆಲದ ಮಟ್ಟಕ್ಕೆ ಹುಲ್ಲು ಕತ್ತರಿಸುವುದೂ ಉಂಟು. ಆದರೆ ‘ಹುಲ್ಲು’ ಎಂದಾಗ ನ್ಯೂಜಿಲೆಂಡಿನವರ ಕಣ್ಣ ಮುಂದಿರುವುದು ವರ್ಷದ ಬಹುಕಾಲ ಹಸಿರಾಗಿರುವ, ರೈಹುಲ್ಲು ಮತ್ತು ಬಿಳಿ ಕ್ಲೋವರ್ ಬೆರೆತ, ಸಸಾರಜನಕ ತುಂಬಿದ ಎಳೆಯ ಮೇವು. ಕರ್ನಾಟಕದ ಬಯಲುಸೀಮೆಯಲ್ಲಿ ಮಾಘ ಕಳೆಯುವ ಹೊತ್ತಿಗೆ ಒಣಗಿ ನಿಂತ ಕರಡವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೊಗಳಿಕೆಯನ್ನು ಓದಿದರೆ ಲೆಕ್ಕ ತಪ್ಪುತ್ತದೆ. ನ್ಯೂಜಿಲೆಂಡಿನಲ್ಲಿಯೂ ಚಳಿಗಾಲದಲ್ಲಿ, ಮರಿಗಳಿಗೆ ಮತ್ತು ಹಾಲೂಡುವ ಹೆಣ್ಣುಹಂದಿಗೆ ಧಾನ್ಯ ಅಥವಾ ಹಿಂಡಿ ಕೊಡಲೇಬೇಕು. ಹಂದಿಯ ಬೆಳವಣಿಗೆಗೆ ಅನಿವಾರ್ಯವಾದ ಲೈಸಿನ್ ಎಂಬ ಅಮೈನೋ ಆಮ್ಲ ಹುಲ್ಲಿನಿಂದಷ್ಟೇ ಸಾಕಷ್ಟು ದೊರೆಯುವುದಿಲ್ಲ. ನೆಲ ಕೆದಕುವುದಿಲ್ಲವೆಂಬ ಮಾತಿಗೂ ಇಂಥದೇ ತಿದ್ದುಪಡಿ ಬೇಕು. ಮೂತಿ ಮೊಂಡಾಗಿರುವುದರಿಂದ ಕುನೆಕುನೆ ಕಡಿಮೆ ಕೆದಕುತ್ತದೆ, ಹಣ್ಣಿನ ತೋಟದಲ್ಲಿಯೂ ದ್ರಾಕ್ಷಿ ಸಾಲುಗಳ ನಡುವೆಯೂ ಅದನ್ನು ಬಿಡಲು ಸಾಧ್ಯವಾಗುವುದು ಇದರಿಂದಲೇ; ಆದರೆ ಮಳೆಗೆ ಮೆತ್ತಗಾದ ನೆಲ, ಹಸಿದ ಹೊಟ್ಟೆ, ಕಿರಿದಾದ ಬೇಲಿ ಮೂರೂ ಸೇರಿದರೆ ಒಂದೇ ವಾರದಲ್ಲಿ ಹಸಿರು ಅಂಗಳ ಕೆಸರುಗದ್ದೆಯಾಗುತ್ತದೆ.

ಸಾಧುತನದ ವಿಷಯದಲ್ಲಿ ಮಾತ್ರ ಹೊಗಳುವವರ ಪರವಾಗಿ ನಿಲ್ಲಬೇಕಾಗುತ್ತದೆ. ಪರಿಚಿತ ಕೈ ಹೊಟ್ಟೆಯ ಪಕ್ಕವನ್ನು ಕೆರೆದರೆ ಬೆಳೆದ ಕುನೆಕುನೆ ಮೊದಲು ಕಾಲು ಸಡಿಲಿಸುತ್ತದೆ, ಕಣ್ಣು ಅರೆಮುಚ್ಚುತ್ತದೆ, ಆಮೇಲೆ ಮೂಟೆ ಉರುಳಿದಂತೆ ದೊಪ್ಪನೆ ಪಕ್ಕಕ್ಕೆ ಮಗುಚಿಕೊಂಡು ಹೊಟ್ಟೆಯನ್ನು ಒಡ್ಡುತ್ತದೆ. ಗೊರಸು ಕತ್ತರಿಸುವುದು, ಚರ್ಮದ ಕಜ್ಜಿಗೆ ಮದ್ದು ಹಾಕುವುದು ಮುಂತಾದ ಕೆಲಸಗಳು, ದೊಡ್ಡ ತಳಿಗಳಲ್ಲಿ ನಾಲ್ಕು ಆಳು ಬೇಡುವಂಥವು, ಇಲ್ಲಿ ಒಬ್ಬರ ಕೈಯಲ್ಲಿ ಮುಗಿಯುವುದು ಈ ಕಾರಣದಿಂದಲೇ. ಆದರೂ ಬೆಳೆದ ಪ್ರಾಣಿ ಎತ್ತರದಲ್ಲಿ ಎರಡಡಿಯಷ್ಟೇ ಇದ್ದರೂ ತೂಕದಲ್ಲಿ ನೂರು ಕಿಲೋ ದಾಟಬಲ್ಲದು ಎಂಬುದನ್ನೂ, ಮರಿ ಹಾಕಿದ ತಾಯಿಗೂ ಬೀಜ ಒಡೆಸದ ಗಂಡಿಗೂ ಅವುಗಳದೇ ನಿಯಮಗಳಿವೆ ಎಂಬುದನ್ನೂ ಮರೆಯಬಾರದು. ಅತಿಯಾದ ಪ್ರೀತಿಯೇ ಈ ಹಂದಿಗೆ ದೊಡ್ಡ ಶತ್ರು. ಕಡಿಮೆ ಮೇವಿನಲ್ಲಿ ನೆಣ ಕೂಡಿಸುವುದಕ್ಕೆಂದೇ ರೂಪುಗೊಂಡ ಮೈಗೆ ಚೀಲದ ಆಹಾರವನ್ನು ಧಾರಾಳವಾಗಿ ಸುರಿದರೆ ಹುಬ್ಬಿನ ಮೇಲಿನ ಕೊಬ್ಬು ಇಳಿದು ಕಣ್ಣನ್ನು ಮುಚ್ಚಿಬಿಡುತ್ತದೆ, ಹಂದಿ ಕಣ್ಣಿದ್ದೂ ಕುರುಡಾಗುತ್ತದೆ. ಕೀಲುಗಳು ಸೋಲುತ್ತವೆ, ಹೆಣ್ಣಿಗೆ ಗಬ್ಬ ನಿಲ್ಲುವುದು ಕಷ್ಟವಾಗುತ್ತದೆ. ಗಬ್ಬ ನಿಂತರೆ ಸುಮಾರು 114 ದಿನಕ್ಕೆ ಈಯುವ ಈ ತಳಿ ಒಂದು ಸೂಲಿಗೆ ಸಾಮಾನ್ಯವಾಗಿ ಆರೇಳು ಮರಿ ಹಾಕುತ್ತದೆ.

ಹಳೆಯ ಅಡುಗೆಮನೆಯ ನಂಟು ಮರಳದಿರುವುದಕ್ಕೆ ಸಾಕುವವರ ಅಭಿರುಚಿಯೊಂದೇ ಕಾರಣವಲ್ಲ, ಕಾನೂನೂ ಕಾರಣ. 2001ರಲ್ಲಿ ಬ್ರಿಟನ್ನಿನಲ್ಲಿ ಹಬ್ಬಿದ ಕಾಲುಬಾಯಿ ಜ್ವರದ ಮೂಲವನ್ನು ಹುಡುಕಿದಾಗ ಅದು ಸರಿಯಾಗಿ ಕುದಿಸದ ಮುಸುರೆ ತಿಂದ ಹಂದಿಗಳ ಸಾಕಣೆಕೇಂದ್ರಕ್ಕೆ ಕರೆದೊಯ್ದಿತು. ಅರವತ್ತು ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದ ಮೇಲೆ ಅಲ್ಲಿ ಮುಸುರೆ ಹಾಕುವುದನ್ನೇ ನಿಷೇಧಿಸಲಾಯಿತು. ಮಾಂಸ ಬೇಯುವ ಮನೆಯ ಅಡುಗೆಮನೆಯನ್ನು ಹಾದು ಬಂದ ಕ್ಯಾರೆಟ್ ಸಿಪ್ಪೆಯನ್ನು ಸಹ ಅಲ್ಲಿ ಇಂದು ಹಂದಿಗೆ ಹಾಕುವಂತಿಲ್ಲ, ಮುದ್ದಿನ ಹಂದಿಯನ್ನು ಬೀದಿಯಲ್ಲಿ ಅಡ್ಡಾಡಿಸಲೂ ಪರವಾನಗಿ ಬೇಕು. ನ್ಯೂಜಿಲೆಂಡ್ ಇಷ್ಟು ಬಿಗಿ ಮಾಡಿಲ್ಲ. 2005ರ ನಿಯಮದಂತೆ ಮಾಂಸ ಸೋಕಿದ ಎಂಜಲನ್ನು ನೂರು ಡಿಗ್ರಿಯಲ್ಲಿ ಒಂದು ಗಂಟೆ ಕುದಿಸಿ ಹಾಕಬಹುದು. ರೋಗದ ಭಯ ನಿಜವಾದದ್ದು, ನಿಯಮ ನ್ಯಾಯವಾದದ್ದು. ಹಾಗಿದ್ದೂ ಎಂಜಲನ್ನು ನೆಣವಾಗಿಸುವುದೇ ಕಸುಬಾಗಿದ್ದ ಪ್ರಾಣಿಗೆ ಅಂಗಡಿಯ ಚೀಲದ ಕಾಳು ತಿನ್ನಿಸುವಾಗ ಅದರ ಇರವಿನ ಅರ್ಧ ಕಾರಣ ಕಳೆದುಹೋಗಿರುತ್ತದೆ ಎಂಬುದನ್ನು ಅಲ್ಲಗಳೆಯಲಾಗದು.

ಉಳಿದ ಅರ್ಧ ಕಳೆದುಹೋಗುವುದು ಕಟುಕನ ಮೇಜಿನ ಮೇಲೆ. ಕುನೆಕುನೆ ಕಡಿಯುವ ಗಾತ್ರಕ್ಕೆ ಬರಲು ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಅಷ್ಟರಲ್ಲಿ ಅದಕ್ಕೊಂದು ಹೆಸರು ಬಿದ್ದಿರುತ್ತದೆ, ಮಕ್ಕಳ ಫೋಟೋಗಳಲ್ಲಿ ಅದು ಸೇರಿಹೋಗಿರುತ್ತದೆ, ಹೀಗಾಗಿ ಅನೇಕ ಹಿತ್ತಿಲುಗಳಲ್ಲಿ ಅದು ಒಲೆಗೂ ಹೋಗದೆ, ಸಾಕುನಾಯಿಯ ಸ್ಥಾನವನ್ನೂ ಪೂರ್ತಿ ಪಡೆಯದೆ ಹತ್ತು ವರ್ಷ ಮೇವು ತಿಂದುಕೊಂಡಿರುತ್ತದೆ. 1999ರ ಪ್ರಾಣಿ ಉತ್ಪನ್ನಗಳ ಕಾಯಿದೆಯು ನ್ಯೂಜಿಲೆಂಡಿನ ಸಾಕಣೆಗಾರರಿಗೆ ತಮ್ಮ ಪ್ರಾಣಿಯನ್ನು ತಾವೇ ಕಡಿದು ಮನೆಮಂದಿ ತಿನ್ನಲು ಅನುಮತಿ ಕೊಡುತ್ತದೆ, ಮಾರಲು ಕೊಡುವುದಿಲ್ಲ. ಮಾರಾಟಕ್ಕಾದರೆ ಪರವಾನಗಿಯ ಕಸಾಯಿಖಾನೆಗೇ ಒಯ್ಯಬೇಕು. ದಟ್ಟ ಕೂದಲಿನ ಈ ಗಿಡ್ಡ ಹಂದಿಯನ್ನು ಬಿಸಿನೀರಿನಲ್ಲಿ ಅದ್ದಿ ಹೆರೆಯುವುದು ತಾಳ್ಮೆಯ ಕೆಲಸವಾದ್ದರಿಂದ ಎಷ್ಟೋ ಸಲ ಚರ್ಮವನ್ನೇ ಸುಲಿದು ಹಾಕುತ್ತಾರೆ. ಚರ್ಮದೊಂದಿಗೆ ಬೆನ್ನ ನೆಣದ ಒಂದು ಪದರವೂ ಹೋಗುತ್ತದೆ. ಕೊಡಗಿನ ಅಡುಗೆಮನೆಯನ್ನು ಬಲ್ಲ ಕನ್ನಡಿಗರಿಗೆ ಇದು ವಿಚಿತ್ರವಾಗಿಯೇ ಕಾಣಬೇಕು: ಪಂದಿ ಕರಿಗೆ ಚರ್ಮ, ನೆಣ, ಮಾಂಸ ಮೂರೂ ಇರುವ ತುಂಡೇ ಬೇಕು, ಆ ನೆಣದ ಜಿಡ್ಡನ್ನು ಕಡಿದು ನಿಲ್ಲಿಸಲೆಂದೇ ಅಲ್ಲಿ ಕಾಚಂಪುಳಿಯ ಕಪ್ಪು ಹುಳಿ ಇದೆ. ಮಾವೊರಿ ಮನೆಗಳ ‘ಬಾಯ್ಲ್ ಅಪ್’ ಎಂಬ ಅಡುಗೆಯಲ್ಲಿಯೂ ಹಂದಿಯ ಎಲುಬು, ಆಲೂಗಡ್ಡೆ, ಪುಹಾ ಎಂಬ ತುಸು ಕಹಿಯ ಸೊಪ್ಪು ಒಟ್ಟಿಗೆ ಕುದಿಯುತ್ತವೆ, ಕೊಬ್ಬಿಗೆ ಎದುರಾಗಿ ಕಹಿ ನಿಲ್ಲುತ್ತದೆ. ಇಂಥ ಜೋಡಿ ಗೊತ್ತಿಲ್ಲದ ಅಡುಗೆಮನೆಯಲ್ಲಿ ಕುನೆಕುನೆಯ ಗಾಢಗೆಂಪು, ನೆಣದ ಎಳೆಗಳು ಹೆಣೆದ ಮಾಂಸವನ್ನು ಅಂಗಡಿಯ ಹಂದಿಮಾಂಸದಂತೆ ತವೆಯ ಮೇಲೆ ಹುರಿದು, ಬರಿಯ ಕೊಬ್ಬು ಎಂದು ತಟ್ಟೆಯ ಅಂಚಿಗೆ ಸರಿಸುವುದು ನಡೆಯುತ್ತದೆ.

ನೆಣ ಕರಗಿಸುವುದು ಹೆಚ್ಚಿನ ಕೌಶಲ ಬೇಡುವ ಕೆಲಸವೇನಲ್ಲ. ಮೂತ್ರಪಿಂಡದ ಸುತ್ತಲಿನ ಬಿಳಿಯ ಎಲೆನೆಣವನ್ನು ಸಣ್ಣಗೆ ಹೆಚ್ಚಿ, ತಳ ಹಿಡಿಯದಂತೆ ಸ್ವಲ್ಪ ನೀರು ಹಾಕಿ ಸಣ್ಣ ಉರಿಯಲ್ಲಿಟ್ಟರೆ ಮೊದಲು ನೀರು ಆರುತ್ತದೆ, ಆಮೇಲೆ ತುಂಡುಗಳು ಕುಗ್ಗಿ ಹೊಂಬಣ್ಣಕ್ಕೆ ತಿರುಗುತ್ತವೆ. ಬಟ್ಟೆಯಲ್ಲಿ ಸೋಸಿದ ಎಣ್ಣೆ ತಣಿದು ಹಾಲಿನಷ್ಟು ಬಿಳಿಯಾಗಿ ಗಡಿಗೆಯಲ್ಲಿ ಹೆಪ್ಪುಗಟ್ಟುತ್ತದೆ. ಅರ್ಧ ದಿನ ಒಲೆಯ ಬಳಿ ಯಾರಾದರೂ ಇರಬೇಕು, ಮರುದಿನ ಆ ಗಡಿಗೆಗೆ ಕೈಹಾಕುವ ಅಡುಗೆಯೂ ಆ ಮನೆಯಲ್ಲಿ ಇರಬೇಕು.