ಹಡಗಿನ ಕಥೆಯಲ್ಲಿ ರಸವಿಚಾರ

ತೂತ್ತುಕುಡಿಯ ಸ್ವದೇಶೀ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಚರಿತ್ರೆಯನ್ನು ಬಹುಮಂದಿ ವ. ಉ. ಚಿದಂಬರಂ ಪಿಳ್ಳೆಯವರ ವೀರಚರಿತೆಯನ್ನಾಗಿಯೇ ಹೇಳುತ್ತ ಬಂದಿದ್ದಾರೆ. ಕನ್ನಡಿಗರಾದ ಬಿ. ಆರ್. ಪಂತುಲು ಅವರು 1961ರಲ್ಲಿ ನಿರ್ದೇಶಿಸಿದ ತಮಿಳು ಚಲಚ್ಚಿತ್ರದ ಹೆಸರೂ ‘ಕಪ್ಪಲೋಟ್ಟಿಯ ತಮಿಳನ್’, ಅಂದರೆ ಹಡಗನ್ನೋಡಿಸಿದ ತಮಿಳನು. ಅಲ್ಲಿ ಹಡಗು ವಿಶೇಷಣ, ಪುರುಷನೇ ವಿಶೇಷ್ಯ.

ಸೆರೆಮನೆಯಲ್ಲಿ ಅವರು ಗಾಣವನ್ನೆಳೆದ ಪ್ರಸಂಗವು ಕಣ್ಣೀರು ತರಿಸತಕ್ಕದ್ದೇ ಸರಿ. ಆದರೆ ಕಥೆಯ ಮರ್ಮವಿರುವುದು ಲೆಕ್ಕದ ಪುಸ್ತಕದಲ್ಲಿ. 1906ರಲ್ಲಿ ಸ್ಥಾಪಿತವಾದ ಕಂಪನಿಯ ಮೂಲಧನವು 10 ಲಕ್ಷ ರೂಪಾಯಿ. 25 ರೂಪಾಯಿಗೊಂದರಂತೆ 40,000 ಷೇರುಗಳು. ಸಾಮಾನ್ಯನ ಕೈಗೂ ಎಟುಕಲೆಂದಲ್ಲವೆ ಈ ಅಲ್ಪಮೌಲ್ಯ? ‘ಗ್ಯಾಲಿಯಾ’, ‘ಲಾವೋ’ ಎಂಬೆರಡು ಹಡಗುಗಳು ಕೊಲಂಬೋ ಮಾರ್ಗಕ್ಕಿಳಿಯಲು, ಬ್ರಿಟಿಷ್ ಇಂಡಿಯಾ ಕಂಪನಿಯು ತನ್ನ ದರವನ್ನು ತಗ್ಗಿಸಿತು. ಕಡೆಗೆ ಜನರನ್ನು ಪುಕ್ಕಟೆಯಾಗಿ ಕರೆದೊಯ್ದು, ಮೇಲೊಂದು ಕೊಡೆಯನ್ನೂ ಕೊಡಮಾಡಿತೆಂದು ಪ್ರತೀತಿ. (ಕರ್ಣನೂ ನಾಚಬೇಕಾದ ಔದಾರ್ಯ!) ಆ ಕೊಡೆಗೆ ಮರುಳಾಗದೆ, ಹಣ ತೆತ್ತು ಸ್ವದೇಶೀ ಹಡಗನ್ನೇರಿದವನುಂಟಷ್ಟೆ, ಉತ್ಸಾಹವೆಂಬ ಸ್ಥಾಯಿಭಾವಕ್ಕೆ ಅವನೂ ಆಶ್ರಯನಲ್ಲವೆ? ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ.

1908ರಲ್ಲಿ ಪಿಳ್ಳೆಯವರು ಸೆರೆಗೆ ಸಂದರು. 1911ರಲ್ಲಿ ಕಂಪನಿಯು ಮುಚ್ಚಿತು. ಅದರ ಹಡಗೊಂದು ವಿಕ್ರಯವಾಗಿ ಪ್ರತಿಸ್ಪರ್ಧಿಯ ಕೈಯನ್ನೇ ಸೇರಿತು. ಕರುಣರಸದ ಈ ಪರಮಸ್ಥಾನವನ್ನು ಕಥೆಗಾರರು ಒಂದೇ ವಾಕ್ಯದಲ್ಲಿ ದಾಟಿಬಿಡುವುದು ಔಚಿತ್ಯವಲ್ಲ.